ಗ್ರಂಥಭಂಡಾರದಿಂದ ಜ್ಞಾನಸತ್ರಕ್ಕೆ

(ಮಹೋತ್ಸವ ಪ್ರಸಂಗದ ಉಪನ್ಯಾಸ)



ಮಹಾನವಮಿ ಬಂದಿತೆಂದರೆ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಗ್ರಂಥಗಳನ್ನು ಮಣೆಯ ಮೇಲೆ ಜೋಡಿಸಿ, ಮಡಿವಸ್ತ್ರ ಹೊದಿಸಿ, ಹೂವೇರಿಸಿ ಪೂಜಿಸುವ ರೂಢಿಯುಂಟು. ಪೂಜೆಯಲ್ಲಿರುವ ಗ್ರಂಥವನ್ನು ಯಾರೂ ತೆರೆಯುವಂತಿಲ್ಲ. ವಿಜಯದಶಮಿಯ ದಿವಸ ಕಟ್ಟು ಬಿಚ್ಚಿ ನಾಲ್ಕು ಸಾಲನ್ನಾದರೂ ಓದಿದ ಬಳಿಕವೇ ಉಳಿದ ಕಾರ್ಯಗಳು ಆರಂಭವಾಗುವವು. ಹಿರಿಯರು ಹಾಕಿಕೊಟ್ಟ ಈ ಕಟ್ಟಳೆಯ ಮರ್ಮವು ಸ್ಪಷ್ಟವಾಗಿರುವದು: ಗ್ರಂಥವನ್ನು ಮುಚ್ಚಿಡತಕ್ಕದ್ದು ಎರಡು ಮೂರು ದಿನ, ತೆರೆದಿಡತಕ್ಕದ್ದು ವರ್ಷದ ಉಳಿದೆಲ್ಲ ದಿನ. ಆದರೆ ಕಾಲಾಂತರದಲ್ಲಿ ಈ ಲೆಕ್ಕವು ತಲೆಕೆಳಗಾಯಿತು. ಹಬ್ಬದ ದಿನ ಮಾತ್ರ ಗ್ರಂಥವು ಹೊರಗೆ ಬರುವದು, ಉಳಿದ ದಿನ ಪೆಟ್ಟಿಗೆಯ ಕತ್ತಲೆಯಲ್ಲಿ ಗೆದ್ದಲಿಗೆ ಆಹಾರವಾಗುವದು. ಭಕ್ತಿಯು ಹೆಚ್ಚಿತು, ಅರಿವು ಕುಂದಿತು.

ಇದರಿಂದ ಎಷ್ಟು ಹಾನಿಯಾಯಿತೆಂಬದನ್ನು ಈ ಸಭೆಯಲ್ಲಿ ವಿಸ್ತರಿಸಿ ಹೇಳುವ ಕಾರಣವಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ಅಲೆದು, ಮನೆಮಠಗಳ ಜಗಲಿಗಳ ಮೇಲೆ ಪೂಜೆಗೊಳ್ಳುತ್ತಲಿದ್ದ ಓಲೆಗರಿಯ ಕಟ್ಟುಗಳನ್ನು ಬೇಡಿ ತಂದು, ಪಾಠಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿದರು. ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಹೂಡಿದರು. ಏಳುನೂರು ವರ್ಷಗಳಿಗೂ ಮಿಕ್ಕು ಕಾಲ ಜನರ ಕೈಗಳಲ್ಲಿಯೇ ಇದ್ದ ಸಂಪತ್ತನ್ನು ಜನರ ಕಣ್ಣಿಗೆ ಕಾಣಿಸಲಿಕ್ಕೆ ಒಬ್ಬ ಪುರುಷನು ತನ್ನ ಆಯುಷ್ಯವನ್ನೆಲ್ಲ ಸವೆಸಬೇಕಾಯಿತು. ಅವರ ಕೈಗೆ ಬಂದ ಕಟ್ಟುಗಳು ಉಳಿದವು. ಬಾರದೆ ಹೋದವುಗಳ ಲೆಕ್ಕವನ್ನು ಇಟ್ಟವರಾರು?

ಇನ್ನೊಂದು ಉದಾಹರಣೆಯನ್ನು ಮೈಸೂರಿನಿಂದ ತೆಗೆದುಕೊಳ್ಳಬಹುದು. ೧೮೯೧ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತನೊಬ್ಬನು ಒಂದು ಓಲೆಯ ಕಟ್ಟನ್ನು ತಂದು ಒಪ್ಪಿಸಿದನು. ಭಂಡಾರದ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಶತಮಾನಗಳಿಂದ ಲುಪ್ತವಾಯಿತೆಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೆಂದು ಗುರುತಿಸಿದರು. ೧೯೦೯ರಲ್ಲಿ ಮೂಲವು ಅಚ್ಚಾಗಿ ಹೊರಬಂದು ಲೋಕವೆಲ್ಲ ಬೆರಗಾಯಿತು. ಆ ಪಂಡಿತನು ಕಟ್ಟನ್ನು ಮನೆಯ ಅಟ್ಟದ ಮೇಲೆಯೇ ಇಟ್ಟಿದ್ದರೆ ಏನಾಗುತ್ತಿತ್ತು? ಭಂಡಾರದಲ್ಲಿ ಓದಬಲ್ಲವರಿಲ್ಲದಿದ್ದರೆ ಏನಾಗುತ್ತಿತ್ತು? ಕೊಡುವವನು, ಇಡುವ ಸ್ಥಳ, ಬಿಚ್ಚಿ ಓದುವವನು, ಈ ಮೂರೂ ಕೂಡಿದಲ್ಲಿ ಮಾತ್ರ ಗ್ರಂಥಕ್ಕೆ ಜೀವ ಬರುವದು. ಒಂದು ತಪ್ಪಿದರೂ ಅದು ಕೇವಲ ಎಲೆಯ ಹೊರೆ.

ಇಂದಿನ ಉಪನ್ಯಾಸದ ವಿಷಯವು ಸಣ್ಣ ಊರುಗಳ ಸಾರ್ವಜನಿಕ ಗ್ರಂಥಾಲಯ. ಆ ಗ್ರಂಥಾಲಯದೊಳಗೆ ಪುಸ್ತಕವನ್ನು ಎರವಲು ಕೊಡುವದರ ಹೊರತಾಗಿ ಊರ ಜನರನ್ನು ಕೂಡಿಸಿ ನಡೆಯಿಸಬೇಕಾದ ಓದು, ಕಲಿಕೆ, ಕಮ್ಮಟಗಳ ವಿಚಾರವು ಇಲ್ಲಿ ಮುಖ್ಯವಾದದ್ದು. ‘ಮಹೋತ್ಸವದ ಸಭೆಯಲ್ಲಿ ಗ್ರಂಥಾಲಯದ ಮಾತೇಕೆ?’ ಎಂದು ಕೆಲವರಿಗೆ ತೋರಬಹುದು. ಮಠದಲ್ಲಿ ಹಸಿದವನಿಗೆ ಅನ್ನವನ್ನು ಬಡಿಸುವಾಗ ಅವನ ಕುಲವನ್ನೂ ಊರನ್ನೂ ಕೇಳುವ ಪದ್ಧತಿಯಿಲ್ಲ. ಅರಿವಿನ ಹಸಿವೆಗೂ ಅಂಥದೇ ಪಂಕ್ತಿಯೊಂದು ಊರಲ್ಲಿ ಬೇಕಾಗಿರುವದು. ಆ ಪಂಕ್ತಿಯ ಹೆಸರೇ ಸಾರ್ವಜನಿಕ ಗ್ರಂಥಾಲಯ. ಆದುದರಿಂದ ಈ ಮಾತು ಈ ಸಭೆಗೆ ಹೊರಗಿನದಲ್ಲ.

ಸಣ್ಣ ಪೇಟೆಯ ಗ್ರಂಥಾಲಯವೊಂದನ್ನು ಮುಂಜಾನೆಯ ಹೊತ್ತಿನಲ್ಲಿ ಮನಸ್ಸಿನ ಮುಂದೆ ತಂದುಕೊಳ್ಳಬೇಕು. ಉದ್ದನೆಯ ಮೇಜಿನ ಸುತ್ತ ನಾಲ್ಕಾರು ಮಂದಿ ವೃದ್ಧರು ವರ್ತಮಾನ ಪತ್ರಿಕೆಗಳನ್ನು ಹಂಚಿಕೊಂಡು ಓದುತ್ತಿರುವರು. ಮೂಲೆಯಲ್ಲಿ ನೌಕರಿಯ ಪರೀಕ್ಷೆಗೆ ಕೂಡುವ ತರುಣರು ತಮ್ಮ ತಮ್ಮ ಪುಸ್ತಕಗಳನ್ನು ತಾವೇ ತಂದು ತಲೆಬಾಗಿಸಿ ಕುಳಿತಿರುವರು. ಗೋಡೆಯ ಬದಿಯ ಕಪಾಟುಗಳಿಗೆ ಬೀಗ. ಗಾಜಿನ ಆಚೆ ಕಾದಂಬರಿ, ಕಾವ್ಯ, ಚರಿತ್ರೆ, ವಿಜ್ಞಾನಗಳು ಬೆನ್ನು ತೋರಿಸಿ ನಿಂತಿರುವವು. ಹೆಂಗಸರು ವಿರಳ. ಹೊಲಕ್ಕೆ ಹೋಗುವವನೂ ಮಗ್ಗದ ಮೇಲೆ ಕೂಡುವವನೂ ಬರಲಾರರು, ಯಾಕಂದರೆ ಅವರು ಬಿಡುವಾಗುವ ಹೊತ್ತಿಗೆ ಬಾಗಿಲು ಮುಚ್ಚಿರುವದು. ಅಕ್ಷರ ಬಾರದವರಿಗಂತೂ ಅದು ತಮ್ಮ ಮನೆಯೆಂಬ ಭಾವನೆಯೇ ಇಲ್ಲ. ಊರವರೆಲ್ಲರ ತೆರಿಗೆಯಿಂದ ನಡೆಯುವ ಸಂಸ್ಥೆಗೆ ಊರಿನ ಹತ್ತರಲ್ಲಿ ಒಬ್ಬನೂ ಕಾಲಿಡದೆ ಇದ್ದರೆ, ದೋಷವು ಬಾರದವರದೋ, ಕರೆಯದವರದೋ?

ಪಾಶ್ಚಾತ್ಯ ದೇಶಗಳಲ್ಲಿಯೂ ಗ್ರಂಥವನ್ನು ಬಂಧಿಸಿಟ್ಟ ಕಾಲವೊಂದಿತ್ತು. ಇಂಗ್ಲಂಡದ ಹೆರಿಫರ್ಡ್ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಗಳಿಂದ ಕಪಾಟಿಗೆ ಬಿಗಿದದ್ದನ್ನು ಇಂದಿಗೂ ನೋಡಬಹುದು. ಓದುವವನು ಪುಸ್ತಕದ ಬಳಿಗೆ ಹೋಗಬೇಕಲ್ಲದೆ ಪುಸ್ತಕವು ಅವನ ಬಳಿಗೆ ಬಾರದು. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ನರು ೧೯೩೧ರಲ್ಲಿ ಪ್ರಕಟಿಸಿದ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದನ್ನು ಈ ಸರಪಳಿಗೆ ಎದುರಾಗಿಯೇ ನಿಲ್ಲಿಸಿದರು. ಪುಸ್ತಕವು ಇರುವದು ಉಪಯೋಗಕ್ಕೆ ಹೊರತು ಕಾಪಿಡುವದಕ್ಕಲ್ಲ ಎಂಬದೇ ಅದರ ತಾತ್ಪರ್ಯ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು, ಗ್ರಂಥಾಲಯವು ಬೆಳೆಯುವ ಪ್ರಾಣಿಯಂತಿರಬೇಕು ಎಂಬವು ಉಳಿದ ನಾಲ್ಕರ ಸಾರ. ಈ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, ೧೯೭೨ರಲ್ಲಿ ಅಲ್ಲಿಯೇ ದೇಹವಿಟ್ಟರೆಂಬದು ಕನ್ನಡಿಗರು ನೆನೆಯತಕ್ಕ ಸಂಗತಿ.

ಇನ್ನು ಜನರನ್ನು ಒಳಗೆ ಬರಮಾಡಿಕೊಳ್ಳುವ ಬಗೆಯನ್ನು ನೋಡುವಾ. ಅಮೇರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಬ್ರಾಡಕ್ ಎಂಬ ಉಕ್ಕಿನ ಕಾರಖಾನೆಯ ಊರುಂಟು. ೧೮೮೯ರಲ್ಲಿ ಅಲ್ಲಿ ಆಂಡ್ರೂ ಕಾರ್ನೆಗಿಯು ಗ್ರಂಥಾಲಯವನ್ನು ಕಟ್ಟಿಸಿದಾಗ ಅದರ ನೆಲಮನೆಯಲ್ಲಿ ಸ್ನಾನಗೃಹಗಳನ್ನೂ ಇರಿಸಿದನು. ಮಸಿ ಬಳಿದುಕೊಂಡ ಕೂಲಿಕಾರನು ಮಿಂದು ಶುಚಿಯಾಗಿ ಸಂಕೋಚವಿಲ್ಲದೆ ಮೇಲೇರಿ ಓದಲೆಂಬದೇ ಇದರ ಉದ್ದೇಶ. ಮುಂದೆ ಸಂಗೀತಶಾಲೆಯೂ ಈಜುಕೊಳವೂ ಅದಕ್ಕೆ ಕೂಡಿಕೊಂಡವು. ಗ್ರಂಥಾಲಯವೆಂದರೆ ಬರಿ ಕಪಾಟುಗಳಲ್ಲ, ಊರಿನ ಕೂಟವೆಂಬ ಭಾವನೆ ಇಲ್ಲಿ ಕಾಣುವದು. ಆದರೆ ಅದೇ ಕಾಲದ ಉಕ್ಕಿನ ಕಾರಖಾನೆಗಳಲ್ಲಿ ಕೂಲಿಕಾರರು ದಿನಕ್ಕೆ ೧೨ ತಾಸು ದುಡಿಯುತ್ತಲಿದ್ದರು. ಅಷ್ಟು ದುಡಿದು ಬಳಲಿದವನಿಗೆ ಸ್ನಾನದ ಬಳಿಕ ಬೇಕಾಗುವದು ನಿದ್ದೆ, ಪುಸ್ತಕವಲ್ಲ. ಕಟ್ಟಡವನ್ನು ಕೊಟ್ಟ ಧನಿಕನು ಬಿಡುವನ್ನು ಕೊಡಲಿಲ್ಲ. ಈ ದೃಷ್ಟಾಂತದಿಂದ ಎರಡು ಪಾಠಗಳನ್ನು ಕಲಿಯಬೇಕು. ಬಡವನ ಸಂಕೋಚವನ್ನು ಕಳೆಯುವ ಏರ್ಪಾಡು ಬೇಕೆಂಬದು ಒಂದು. ಅವನಿಗೆ ಬಿಡುವಾದ ಹೊತ್ತಿನಲ್ಲಿ ಬಾಗಿಲು ತೆರೆದಿರಬೇಕೆಂಬದು ಇನ್ನೊಂದು.

ಭರತಖಂಡದಲ್ಲಿ ಈ ಕಾರ್ಯಕ್ಕೆ ಮಾರ್ಗ ತೋರಿಸಿದ ಕೀರ್ತಿಯು ಬಡೋದೆ ಸಂಸ್ಥಾನಕ್ಕೆ ಸಲ್ಲತಕ್ಕದ್ದು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೇರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದು, ೧೯೧೦ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಲ್ಲಿಯ ತಜ್ಞನನ್ನು ಕರೆಯಿಸಿಕೊಂಡರು. ಪ್ರಾಥಮಿಕ ಶಿಕ್ಷಣವನ್ನು ಸಂಸ್ಥಾನದ ತುಂಬ ಕಡ್ಡಾಯ ಮಾಡಿದ ಮೇಲೆ, ಶಾಲೆ ಬಿಟ್ಟ ಹುಡುಗನು ಕಲಿತ ಅಕ್ಷರವನ್ನು ಮರೆಯದಿರಬೇಕಾದರೆ ಊರೂರಿಗೂ ಪುಸ್ತಕ ಮುಟ್ಟಬೇಕೆಂಬದು ಅವರ ವಿಚಾರ. ಕೇಂದ್ರ ಗ್ರಂಥಾಲಯದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಬೇರೆ ಬೇರೆ ಕೋಣೆಗಳಾದವು. ಗ್ರಂಥಾಲಯವಿಲ್ಲದ ಹಳ್ಳಿಗಳಿಗೆ ಪುಸ್ತಕಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ, ಸಾಗಣೆಯ ವೆಚ್ಚವನ್ನೂ ಸಂಸ್ಥಾನವೇ ಹೊತ್ತು ಕಳುಹಿಸಲಾಯಿತು. ಓದು ಬಾರದವರ ಸಲುವಾಗಿ ದೃಶ್ಯಶಿಕ್ಷಣದ ಶಾಖೆಯೊಂದನ್ನೂ ತೆಗೆದು, ಛಾಯಾದೀಪದ ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಹಳ್ಳಿಹಳ್ಳಿಗೆ ಒಯ್ದು ತೋರಿಸಲಾಯಿತು. ಅಕ್ಷರ ಬಾರದವನೂ ಗ್ರಂಥಾಲಯದ ಬಾಧ್ಯಸ್ಥನೇ ಎಂಬ ದೊಡ್ಡ ತತ್ತ್ವವು ಇದರಲ್ಲಿ ಅಡಗಿರುವದು.

ಬಡೋದೆಯ ಇನ್ನೊಂದು ಕಟ್ಟಳೆಯು ಇದಕ್ಕೂ ಹೆಚ್ಚಿನದು. ಹಳ್ಳಿಯವರು ತಮ್ಮ ಗ್ರಂಥಾಲಯಕ್ಕೆಂದು ಎಷ್ಟು ಹಣವನ್ನು ಕೂಡಿಸುವರೋ ಅಷ್ಟನ್ನೇ ಪ್ರಾಂತ ಪಂಚಾಯತಿಯೂ ಅಷ್ಟನ್ನೇ ಸರಕಾರವೂ ಕೂಡಿಸಿ ಕೊಡುತ್ತಿದ್ದವು. ಬರಿ ಸರಕಾರದ ದಾನವಾಗಿದ್ದರೆ ಜನರು ಅದನ್ನು ಪರರ ಸ್ವತ್ತೆಂದೇ ಎಣಿಸುತ್ತಿದ್ದರು. ಬರಿ ಜನರ ವರ್ಗಣಿಯಾಗಿದ್ದರೆ ಬಡ ಹಳ್ಳಿಗೆ ನಿಭಾಯಿಸಲಾಗುತ್ತಿರಲಿಲ್ಲ. ಮೂವರು ಹೊತ್ತ ಪಲ್ಲಕ್ಕಿಯು ದೂರ ಸಾಗಿತು.

ಆಂಧ್ರದೇಶದಲ್ಲಿ ಅರಸರ ಆಶ್ರಯವಿಲ್ಲದೆ ಜನರೇ ಈ ಕಾರ್ಯವನ್ನು ಕೈಕೊಂಡರು. ಅಯ್ಯಂಕಿ ವೆಂಕಟರಮಣಯ್ಯನವರ ಉದ್ಯೋಗದಿಂದ ೧೯೧೪ರಲ್ಲಿ ವಿಜಯವಾಡೆಯಲ್ಲಿ ಗ್ರಂಥಾಲಯಗಳ ಸಮ್ಮೇಳನವು ಕೂಡಿತು. ೧೯೩೫ರಲ್ಲಿ ಪಾತೂರಿ ನಾಗಭೂಷಣಂ ಅವರು ಕೃಷ್ಣಾ ನದಿಯ ಕಾಲುವೆಯ ಮೇಲೆ ದೋಣಿಯ ಗ್ರಂಥಾಲಯವನ್ನೇ ನಡೆಯಿಸಿದರು. ದಡದ ಹಳ್ಳಿಗಳ ರೈತರು ದೋಣಿಗಾಗಿ ಕಾದು ನಿಂತು ಪುಸ್ತಕಗಳನ್ನು ಬದಲಿಸಿಕೊಳ್ಳುತ್ತಿದ್ದರು. ತಮಿಳುನಾಡಿನ ಮನ್ನಾರ್‌ಗುಡಿಯ ಸೀಮೆಯಲ್ಲಿ ೧೯೩೧ರಲ್ಲಿ ಎತ್ತಿನ ಬಂಡಿಯು ಪುಸ್ತಕಗಳನ್ನು ಹೊತ್ತು ಹಳ್ಳಿಗಳನ್ನು ಸುತ್ತತೊಡಗಿತು. ನೀರಿದ್ದಲ್ಲಿ ದೋಣಿ, ನೆಲವಿದ್ದಲ್ಲಿ ಬಂಡಿ. ಮನಸ್ಸಿದ್ದವರಿಗೆ ವಾಹನದ ಕೊರತೆಯಾಗಲಿಲ್ಲ.

ಕೇರಳದ ಕಥೆಯು ಇವೆಲ್ಲಕ್ಕೂ ಮೇಲಾದದ್ದು. ಪಿ. ಎನ್. ಪಣಿಕ್ಕರ್ ಎಂಬ ಶಾಲಾ ಶಿಕ್ಷಕರು ೧೯೨೬ರಲ್ಲಿ ನೀಲಂಪೇರೂರೆಂಬ ತಮ್ಮ ಊರಿನಲ್ಲಿ ಗ್ರಂಥಾಲಯವನ್ನು ತೆರೆದರು. ೧೯೪೫ರಲ್ಲಿ ಅಂಬಲಪ್ಪುಳದಲ್ಲಿ ೪೭ ಊರುಗಳ ಗ್ರಂಥಾಲಯಗಳನ್ನು ಕೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ೪೭ ದೀಪಗಳು ಸಾವಿರಾರಾದವು. ಅಲ್ಲಿಯ ಗ್ರಂಥಶಾಲೆಯೆಂದರೆ ಓದುವ ಕೋಣೆ ಮಾತ್ರವಲ್ಲ. ನಾಟಕ, ಚರ್ಚೆ, ಮಕ್ಕಳ ಕೂಟ, ವಯಸ್ಕರ ಪಾಠ ಎಲ್ಲವೂ ಅದರ ಅಂಗಳದಲ್ಲಿಯೇ. ೧೯೭೫ರಲ್ಲಿ ಯುನೆಸ್ಕೋ ಸಂಸ್ಥೆಯು ಸಾಕ್ಷರತೆಯ ಸೇವೆಗಾಗಿ ಈ ಸಂಘಕ್ಕೆ ಕ್ರುಪ್ಸ್ಕಾಯ ಪಾರಿತೋಷಕವನ್ನಿತ್ತಿತು. ೧೯೯೧ರಲ್ಲಿ ಕೇರಳವು ಸಂಪೂರ್ಣ ಸಾಕ್ಷರ ರಾಜ್ಯವೆಂದು ಸಾರಲ್ಪಟ್ಟಾಗ ಆ ಗೌರವದಲ್ಲಿ ಊರೂರಿನ ಗ್ರಂಥಶಾಲೆಗಳ ಪಾಲು ಚಿಕ್ಕದಾಗಿರಲಿಲ್ಲ. ಪಣಿಕ್ಕರರು ತೀರಿಕೊಂಡ ಜೂನ್ ೧೯ನ್ನು ಅಲ್ಲಿ ವಾಚನ ದಿನವೆಂದು ಆಚರಿಸುವರು.

ಅದೇ ಕೇರಳದ ಕಣ್ಣೂರು ಸೀಮೆಯ ಬೀಡಿ ಕಟ್ಟುವವರ ಪದ್ಧತಿಯೊಂದು ಮನಸ್ಸಿನಲ್ಲಿಡತಕ್ಕದ್ದು. ಅವರೆಲ್ಲ ಸಾಲಾಗಿ ಕುಳಿತು ಬೀಡಿ ಸುತ್ತುವಾಗ ಒಬ್ಬನು ಎದ್ದು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುತ್ತಿದ್ದನು. ಓದುವ ಹೊತ್ತಿನಲ್ಲಿ ಅವನಿಗೆ ನಷ್ಟವಾಗುವ ಕೂಲಿಯನ್ನು ಉಳಿದವರು ತಮ್ಮ ದುಡಿಮೆಯಿಂದ ತುಂಬಿ ಕೊಡುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಅರಿವು! ಬಡತನವು ಓದಿಗೆ ಅಡ್ಡಿಯೆಂದು ನುಡಿಯುವವರು ಈ ಬಡವರನ್ನು ನೆನೆಯಬೇಕು. ಒಂದು ತಾಸಿನ ಓದಿಗೆ ಇಷ್ಟು ಬೆಲೆ ಕೊಟ್ಟವರು ಸಿರಿವಂತರಲ್ಲಿಯೂ ದುರ್ಲಭ.

ಕನ್ನಡ ನಾಡಿಗೆ ಇದು ಹೊಸದೇ? ಅಲ್ಲ. ಅಕ್ಷರ ಬಾರದ ಒಕ್ಕಲಿಗನೂ ಗುಡಿಯ ಕಟ್ಟೆಯ ಮೇಲೆ ಕುಳಿತು ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಗಮಕಿಯ ಬಾಯಿಂದ ಕೇಳಿ ಬಾಯಿಪಾಠ ಮಾಡುತ್ತಿದ್ದನು. ಒಬ್ಬನು ಹಾಡಿ ಓದುವದು, ಇನ್ನೊಬ್ಬನು ಅರ್ಥ ಬಿಡಿಸಿ ಹೇಳುವದು, ಊರೇ ಕೂಡಿ ಕೇಳುವದು. ಶಾಲೆಗಳಿಲ್ಲದ ಕಾಲದಲ್ಲಿ ನಾಡನ್ನು ಬಾಳಿಸಿದ ವಿದ್ಯಾಪೀಠವೇ ಅದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾನಾ ಕಾಯಕದವರು ಒಂದೆಡೆ ಕುಳಿತು ಅನುಭಾವದ ಮಾತನಾಡಿದ ನೆನಪು ಈ ಸಭೆಯಲ್ಲಿದ್ದವರಿಗೆಲ್ಲ ಹೃದ್ಗತವಾಗಿರುವದು. ಕೂಡಿ ಕುಳಿತು ಅರಿಯುವದೇ ಈ ಮಣ್ಣಿನ ಹಳೆಯ ಪದ್ಧತಿ. ಒಬ್ಬೊಬ್ಬನೇ ಮೂಲೆ ಹಿಡಿದು ಓದುವದು ಈಚಿನದು. ೧೯೪೦ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆದ ವಯಸ್ಕರ ಶಿಕ್ಷಣದ ಚಳವಳಿಯು ರಾತ್ರಿಯ ಪಾಠಶಾಲೆಗಳನ್ನು ತೆರೆದು, ಹೊಸದಾಗಿ ಓದು ಕಲಿತವರಿಗೆ ತಕ್ಕ ಸರಳವಾದ ಓದುಪುಸ್ತಕಗಳನ್ನು ಸಿದ್ಧಪಡಿಸಿ ಇದೇ ಹಾದಿಯನ್ನು ಹಿಡಿದಿತ್ತು.

ರಾಜ್ಯವು ಏಕೀಕೃತವಾದ ಮೇಲೆ ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯದೆಯಾಯಿತು. ಕಟ್ಟಡ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ಎತ್ತುವ ಅಧಿಕಾರವು ಇದರಿಂದ ಬಂದಿತು. ಆದುದರಿಂದ ಗ್ರಂಥಾಲಯವು ಯಾವನೊಬ್ಬನ ಕೃಪೆಯಿಂದ ನಡೆಯುವದಲ್ಲ. ಮನೆಯ ಕರ ಕೊಡುವ ಪ್ರತಿಯೊಬ್ಬನೂ ಅದರ ಯಜಮಾನನು. ೨೦೧೯ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಇವುಗಳ ಸಂಖ್ಯೆ ೫,೦೦೦ಕ್ಕೂ ಮಿಕ್ಕಿರುವದು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದ ೨೦೨೦ರ ನವೆಂಬರದಲ್ಲಿ, ಮಕ್ಕಳ ದಿನದಂದು, ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಹೂಡಿ, ೬ರಿಂದ ೧೮ ವಯಸ್ಸಿನ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಶಾಲೆಯ ಬಾಗಿಲು ಮುಚ್ಚಿದಾಗ ಗ್ರಂಥಾಲಯದ ಬಾಗಿಲು ತೆರೆಯಿತು. ಲಕ್ಷಾವಧಿ ಮಕ್ಕಳು ಒಳಗೆ ಬಂದರು. ಈಚೆಗೆ ಈ ಸಂಸ್ಥೆಗಳನ್ನು ‘ಅರಿವು ಕೇಂದ್ರ’ಗಳೆಂದು ಕರೆಯುವದು ರೂಢಿಗೆ ಬಂದಿರುವದು. ‘ಅರಿವು’ ಎಂಬ ಪದವು ಈ ಸಭೆಗೆ ಎಷ್ಟು ಆಪ್ತವಾದದ್ದೆಂಬದನ್ನು ಹೇಳಬೇಕಾಗಿಲ್ಲ. ಹೆಸರು ಬಂದಿತು, ಹೆಸರಿಗೆ ತಕ್ಕ ನಡೆ ಬರಬೇಕು.

ಹಾಗಾದರೆ ಸಣ್ಣ ಊರಿನ ಗ್ರಂಥಾಲಯದಲ್ಲಿ ನಡೆಯತಕ್ಕದ್ದೇನು? ಮೊದಲನೆಯದು ಗಟ್ಟಿ ಓದು. ವಾರಕ್ಕೊಂದು ಸಂಜೆ, ನಿಶ್ಚಿತವಾದ ಹೊತ್ತಿನಲ್ಲಿ, ಒಬ್ಬನು ಓದುವದು, ಹತ್ತು ಜನ ಕೇಳುವದು. ಕಣ್ಣು ಮಂಜಾದ ಮುದುಕರಿಗೂ, ಹುಟ್ಟುಕುರುಡರಿಗೂ, ಅಕ್ಷರ ಬಾರದ ತಾಯಂದಿರಿಗೂ ಪುಸ್ತಕದ ಬಾಗಿಲು ಹೀಗೆ ತೆರೆಯುವದು. ಇದಕ್ಕೆ ದುಡ್ಡು ಬೇಡ, ಯಂತ್ರ ಬೇಡ. ಒಳ್ಳೆಯ ಧ್ವನಿಯೂ ತಾಳ್ಮೆಯೂ ಇದ್ದರೆ ಸಾಕು.

ಎರಡನೆಯದು ಮಕ್ಕಳ ಕಥೆಯ ಕೂಟ. ಅಜ್ಜ ಅಜ್ಜಿಯರು ತಮಗೆ ಬಂದ ಕಥೆ, ಒಗಟು, ಹಾಡುಗಳನ್ನು ಮಕ್ಕಳಿಗೆ ಹೇಳಬೇಕು. ಮಕ್ಕಳು ಅವನ್ನು ಬರೆದಿಡಬೇಕು. ಇದರಿಂದ ಮಗುವಿಗೆ ಬರವಣಿಗೆಯ ರೂಢಿಯಾಗುವದು, ಮುದುಕರಿಗೆ ಮರ್ಯಾದೆ ಬರುವದು, ಊರಿಗೆ ತನ್ನ ಕಥಾಸಂಪತ್ತು ಉಳಿಯುವದು. ಒಂದು ಕೂಟದಿಂದ ಮೂರು ಫಲ.

ಮೂರನೆಯದು ಕಾಗದಪತ್ರಗಳನ್ನು ಓದುವ ಕಮ್ಮಟ. ಇದರ ಮಹತ್ವವನ್ನು ಕೊಂಚ ವಿವರಿಸಬೇಕಾಗಿದೆ. ಹಿಂದಿನ ಕಾಲದಲ್ಲಿ ಸಾಲದ ಪತ್ರಕ್ಕೆ ಓದದೆ ಹೆಬ್ಬೆಟ್ಟೊತ್ತಿ ಹೊಲಮನೆಗಳನ್ನು ಕಳೆದುಕೊಂಡವರ ಕಣ್ಣೀರು ಪ್ರತಿಯೊಂದು ಊರಿನ ಚರಿತ್ರೆಯಲ್ಲಿಯೂ ಇರುವದು. ಇಂದು ಹೆಬ್ಬೆಟ್ಟಿನ ಸ್ಥಾನಕ್ಕೆ ಮೊಬೈಲಿನ ಗುಂಡಿಯು ಬಂದಿರುವದು. ದೂರದಿಂದ ಕರೆ ಮಾಡಿದ ವಂಚಕನಿಗೆ ಗುಪ್ತಸಂಖ್ಯೆಯನ್ನು ಹೇಳಿಬಿಟ್ಟು, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕ್ಷಣಾರ್ಧದಲ್ಲಿ ನೀಗಿಕೊಂಡವರ ಗೋಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುವದು. ಪಹಣಿಯನ್ನು ಓದುವದು ಹೇಗೆ, ಬ್ಯಾಂಕಿನ ಪಾಸುಬುಕ್ಕನ್ನು ನೋಡುವದು ಹೇಗೆ, ಪಿಂಚಣಿಗೆ ಅರ್ಜಿ ಬರೆಯುವದು ಹೇಗೆ, ಮೊಬೈಲಿನಲ್ಲಿ ಯಾವದನ್ನು ಒತ್ತಬೇಕು, ಯಾವದನ್ನು ಒತ್ತಬಾರದು, ಇವನ್ನು ತಿಂಗಳಿಗೊಂದು ದಿನ ತಿಳಿದವರು ಕುಳಿತು ತಿಳಿಯದವರಿಗೆ ಕಲಿಸಿಕೊಡಬೇಕು. ಅರ್ಜಿಯನ್ನು ಬರೆದುಕೊಡುವದು ಒಂದು ದಿನದ ಉಪಕಾರ. ಬರೆಯಲಿಕ್ಕೆ ಕಲಿಸುವದು ಜನ್ಮದ ಉಪಕಾರ. ಕಾವ್ಯಪುರಾಣಗಳ ಮನೆಯಲ್ಲಿ ಪಹಣಿಯ ಮಾತು ಹೀನವೆಂದು ಪಂಡಿತರು ಮೂಗು ಮುರಿಯಬಾರದು. ಬದುಕನ್ನು ಉಳಿಸುವ ಅರಿವೂ ಅರಿವೇ.

ನಾಲ್ಕನೆಯದು ತಾಯಂದಿರ ಹೊತ್ತು. ಮನೆಗೆಲಸ ಮುಗಿದ ಮಧ್ಯಾಹ್ನದ ಎರಡು ತಾಸುಗಳನ್ನು ಸ್ತ್ರೀಯರಿಗೆಂದೇ ಮೀಸಲಿಡಬೇಕು. ಚಿಕ್ಕ ಮಕ್ಕಳನ್ನು ಜೊತೆಗೆ ತರುವ ಅವಕಾಶವಿರಬೇಕು. ಮಗುವು ಅತ್ತರೆ ಹುಬ್ಬು ಗಂಟಿಕ್ಕುವ ಗ್ರಂಥಪಾಲಕನಿದ್ದಲ್ಲಿ ತಾಯಿಯು ಎರಡನೆಯ ಸಲ ಬರಲಾರಳು. ಹೊಲಿಗೆ, ಔಷಧಿ, ಶಿಶುಪಾಲನೆಗಳ ಪುಸ್ತಕಗಳಿಂದ ಆರಂಭವಾದ ಓದು ಕಾದಂಬರಿಗೂ ವಚನಕ್ಕೂ ತಾನಾಗಿಯೇ ಸಾಗುವದು.

ಐದನೆಯದು ಹಳೆಯ ಗ್ರಂಥಗಳನ್ನು ಉಳಿಸುವ ಕಮ್ಮಟ. ೨೦೦೩ರಲ್ಲಿ ಭಾರತ ಸರಕಾರವು ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದಿಂದ ಈ ವಿದ್ಯೆಯು ಅನೇಕರಿಗೆ ತಲುಪಿತು. ಊರವರು ತಮ್ಮ ಮನೆಯ ಓಲೆಯ ಕಟ್ಟುಗಳನ್ನು ತರಬೇಕು. ಬಲ್ಲವರು ಅವುಗಳ ಆರೈಕೆಯನ್ನು ಅವರ ಕಣ್ಣೆದುರಿಗೇ ತೋರಿಸಬೇಕು. ಮೃದುವಾದ ಒಣ ಕುಂಚದಿಂದ ಧೂಳನ್ನು ಝಾಡಿಸುವದು. ಒಣಗಿ ಬಿರುಸಾದ ಓಲೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವದು, ಅದರಿಂದ ಓಲೆಯು ಮೆದುವಾಗುವದಲ್ಲದೆ ಹುಳವೂ ದೂರವಾಗುವದು. ಕೊರೆದ ಅಕ್ಷರಗಳು ಮಸುಕಾಗಿದ್ದರೆ ದೀಪದ ಕಾಡಿಗೆಯನ್ನು ತುಂಬಿ ಒರಸುವದು. ಕಟ್ಟಿನ ನಡುವೆ ಬಜೆಯ ಬೇರನ್ನಿಡುವದು. ಇದು ಅಜ್ಜಂದಿರು ಬಲ್ಲ ವಿದ್ಯೆಯೇ, ಮೊಮ್ಮಕ್ಕಳು ಮರೆತದ್ದು. ಕಟ್ಟಿನ ಒಡೆತನವು ಮನೆಯವರಲ್ಲಿಯೇ ಇರಲಿ. ಪ್ರತಿಯೊಂದು ಓಲೆಯ ಛಾಯಾಚಿತ್ರವೊಂದು ಗ್ರಂಥಾಲಯದಲ್ಲಿ ಉಳಿಯಲಿ. ಗೆದ್ದಲು ತಿಂದರೂ ಬೆಂಕಿ ಸುಟ್ಟರೂ ಅಕ್ಷರವು ಬಾಳುವದು.

ಇವಲ್ಲದೆ ಊರಿನ ಶಾಸನ, ಕೆರೆ, ಬಾವಿ, ಜಾತ್ರೆಗಳ ಚರಿತ್ರೆಯನ್ನು ಸಂಗ್ರಹಿಸುವದು, ಬಿತ್ತನೆಗೆ ಮುಂಚೆ ಕೃಷಿಯನ್ನು ಬಲ್ಲವರಿಂದ ಮಣ್ಣಿನ ವಿಚಾರವನ್ನು ತಿಳಿಯುವದು, ಪರೀಕ್ಷೆಗೆ ಕೂಡುವ ತರುಣರಿಗೆ ಪಾಸಾದ ಹಿರಿಯರು ದಾರಿ ತೋರುವದು, ಇಂಥ ಕಾರ್ಯಗಳಿಗೆ ಮಿತಿಯೇ ಇಲ್ಲ. ಊರಿನಲ್ಲಿ ಯಾವ ವಿದ್ಯೆಯುಳ್ಳವನಿರುವನೋ ಅವನೇ ಆ ತಿಂಗಳ ಉಪಾಧ್ಯಾಯನು. ಕುಂಬಾರನಾಗಲಿ, ಕಂಬಾರನಾಗಲಿ, ನೇಕಾರನಾಗಲಿ, ತನ್ನ ಕಾಯಕದ ರಹಸ್ಯವನ್ನು ಹತ್ತು ಮಕ್ಕಳ ಮುಂದೆ ತೋರಿಸಿದಲ್ಲಿ ಆ ಮಕ್ಕಳಿಗೆ ದುಡಿಮೆಯ ಗೌರವವು ಪುಸ್ತಕದ ಪಾಠಕ್ಕಿಂತ ಮಿಗಿಲಾಗಿ ತಿಳಿಯುವದು.

ಇದಕ್ಕೆ ಕೆಲವು ಆಕ್ಷೇಪಗಳು ಬರುವದುಂಟು. ‘ಗ್ರಂಥಾಲಯವು ಮೌನದ ಸ್ಥಾನ, ಕೂಟಗಳಿಂದ ಗದ್ದಲವಾಗುವದು’ ಎಂಬದು ಮೊದಲನೆಯದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಪರೀಕ್ಷೆಯ ಓದಿನಲ್ಲಿರುವ ಬಡ ಹುಡುಗನಿಗೆ ಮನೆಯಲ್ಲಿ ಕೋಣೆಯಿಲ್ಲ. ಅವನ ಮೌನವನ್ನು ಕೆಡಿಸುವದು ಅನ್ಯಾಯವೇ ಸರಿ. ಆದರೆ ದೇವಾಲಯದಲ್ಲಿ ಜಪಕ್ಕೊಂದು ಹೊತ್ತು, ಭಜನೆಗೊಂದು ಹೊತ್ತು ಇರುವಂತೆ ಇಲ್ಲಿಯೂ ಹೊತ್ತುಗಳನ್ನು ಗೊತ್ತುಮಾಡಬಹುದು. ಇನ್ನೊಂದು ಕೋಣೆಯಿದ್ದರೆ ಲೇಸು. ಇಲ್ಲದಿದ್ದರೆ ಅಂಗಳವಾದರೂ, ಮರದ ನೆರಳಾದರೂ ಸಾಕು.

‘ಹಣವೆಲ್ಲಿಂದ?’ ಎಂಬದು ಎರಡನೆಯದು. ಮೇಲೆ ಹೇಳಿದ ಕಾರ್ಯಗಳಲ್ಲಿ ಬಹುಪಾಲು ಹಣವನ್ನು ಬೇಡದೆ ಹೊತ್ತನ್ನು ಬೇಡತಕ್ಕವು. ಆದರೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳ್ಳಿಯ ಗ್ರಂಥಾಲಯಗಳ ಮೇಲ್ವಿಚಾರಕರು ಬಹುಕಾಲ ಅತ್ಯಲ್ಪವಾದ ಗೌರವಧನದಲ್ಲಿ ಸಂಸಾರ ಸಾಗಿಸಿದವರು. ಅವರ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಿ ‘ಸೇವೆ ಮಾಡು’ ಎಂದು ಉಪದೇಶಿಸುವದು ಸುಲಭ, ಆದರೆ ಧರ್ಮವಲ್ಲ. ಕಾಯಕಕ್ಕೆ ತಕ್ಕ ಪ್ರತಿಫಲವು ದೊರೆಯಬೇಕೆಂದು ಊರವರು ಒತ್ತಾಯಿಸಬೇಕು. ಕೂಟಗಳ ಭಾರವನ್ನು ತಾವು ಹೊರಬೇಕು. ಬಡೋದೆಯ ಮೂರು ಪಾಲಿನ ಕಟ್ಟಳೆಯನ್ನು ಇಲ್ಲಿ ಮರೆಯಬಾರದು.

‘ಕೂಟವೆಂದರೆ ಪಂಗಡ, ಪಂಗಡವೆಂದರೆ ಕಲಹ’ ಎಂಬದು ಮೂರನೆಯದು. ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಗ್ರಂಥಾಲಯದ ಜಗಲಿಯು ಒಂದು ಪಕ್ಷದ, ಒಂದು ಜಾತಿಯ, ಒಂದು ಮತದ ವೇದಿಕೆಯಾದ ದಿನವೇ ಉಳಿದವರ ಪಾಲಿಗೆ ಅದರ ಬಾಗಿಲು ಮುಚ್ಚಿತೆಂದು ತಿಳಿಯಬೇಕು. ಮಠದ ಭಕ್ತರು ಮುಂದಾಗಿ ದುಡಿದರೂ ಅಲ್ಲಿ ಮಠದ ಹೆಸರನ್ನು ಮೆರೆಯಿಸತಕ್ಕದ್ದಲ್ಲ. ಅಲ್ಲಿ ವಚನವೂ ಇರಲಿ, ಕೀರ್ತನೆಯೂ ಇರಲಿ, ಕುರಾನು ಬೈಬಲ್ಲುಗಳೂ ಇರಲಿ, ಇವೊಂದನ್ನೂ ಒಪ್ಪದವನ ಪುಸ್ತಕವೂ ಇರಲಿ. ಬೀದಿಯ ಕಸ ಗುಡಿಸುವ ತಾಯಿಯ ಮಗಳೂ ಸಾಹುಕಾರನ ಮಗನೂ ಒಂದೇ ಚಾಪೆಯ ಮೇಲೆ ಕೂಡಬೇಕು. ಹಾಗೆ ಕೂಡದಿದ್ದಲ್ಲಿ ಎಷ್ಟು ಗ್ರಂಥಗಳಿದ್ದರೇನು, ಅದು ಸಾರ್ವಜನಿಕವಲ್ಲ.

ಕೊನೆಯದಾಗಿ ಇನ್ನೊಂದು ಎಚ್ಚರಿಕೆ. ಇಂಥ ಕಾರ್ಯಗಳು ದೊಡ್ಡ ಸಮಾರಂಭದಿಂದ ಆರಂಭವಾಗಿ, ಹಾರ ತುರಾಯಿಗಳು ಬಾಡುವ ಮೊದಲೇ ಬಾಡುವದನ್ನು ಎಲ್ಲರೂ ಕಂಡಿರುವರು. ನೂರು ಜನ ಕೂಡಿದ ಒಂದು ದಿನಕ್ಕಿಂತ ಐದು ಜನ ಕೂಡಿದ ಐವತ್ತು ವಾರಗಳು ಲೇಸು. ಮಳೆ ಬಂದರೂ, ಹಬ್ಬ ಬಂದರೂ, ಕೇಳುವವನು ಒಬ್ಬನೇ ಬಂದರೂ, ಆ ಹೊತ್ತಿಗೆ ದೀಪ ಹಚ್ಚಿ ಪುಸ್ತಕ ತೆರೆಯುವ ಒಬ್ಬನು ಊರಿಗೆ ಬೇಕು. ಅಂಥವನೊಬ್ಬನಿದ್ದಲ್ಲಿ ಉಳಿದವರು ಕ್ರಮೇಣ ಬರುವರು.

ಮಹೋತ್ಸವಕ್ಕೆ ನೆರೆದ ಸದ್ಭಕ್ತರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಒಂದು ಕೆಲಸವನ್ನು ಮಾಡತಕ್ಕದ್ದು. ಊರ ಗ್ರಂಥಾಲಯದ ಬಾಗಿಲಿಗೆ ಹೋಗಿ, ಕಪಾಟಿನ ಬೀಗದ ಕೈಯು ಯಾರಲ್ಲಿರುವದೆಂದು ವಿಚಾರಿಸಬೇಕು. ಕೈ ಸಿಕ್ಕರೆ ಬೀಗ ತೆಗೆಯಿಸಿ, ಒಂದು ಪುಸ್ತಕವನ್ನು ಹೊರತಂದು, ಓದು ಬಾರದ ಒಬ್ಬರ ಬಳಿ ಕುಳಿತು ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಮನೆಯ ಜಗಲಿಯ ಮೇಲೆ ಓಲೆಯ ಕಟ್ಟು ಇದ್ದವರು ಬರುವ ವಿಜಯದಶಮಿಯ ದಿನ ಅದನ್ನು ಬಿಚ್ಚಬೇಕು. ತಮಗೆ ಓದಲು ಬಾರದಿದ್ದರೆ ಓದಬಲ್ಲವರ ಮುಂದಿಡಬೇಕು. ಮುಚ್ಚಿದ ಗ್ರಂಥಕ್ಕೆ ಹೂವೇರಿಸಿದ್ದು ಬಹಳವಾಯಿತು. ತೆರೆದ ಗ್ರಂಥದ ಸುತ್ತ ಊರು ಕೂಡುವ ಕಾಲವು ಬರಲಿ.